26 ವಾರ ಎಲ್ಲೂ ಹೋಗಿಲ್ಲ. ಆದರೆ ಅಮ್ಮನ ಆರೈಕೆಗೆ ರಜೆ ಎಲ್ಲಿದೆ?

ಪ್ರಶ್ನೆ: ನನ್ನ ಹೆಂಡತಿ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ತಿಂಗಳಿಗೆ 16,500 ರೂಪಾಯಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟಾಗುತ್ತದೆ. ಈಗ ಐದನೇ ತಿಂಗಳು, ಆಗಸ್ಟ್ 20ಕ್ಕೆ ಹೆರಿಗೆ ಎಂದಿದ್ದಾರೆ. ಹೊಸ ಲೇಬರ್ ಕಾನೂನು ಬಂದಿರುವುದರಿಂದ ಹೆರಿಗೆ ರಜೆ ಕಡಿಮೆಯಾಗುತ್ತದೆ ಎಂದು ಫ್ಯಾಕ್ಟರಿಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಟಿವಿಯಲ್ಲಿ ನೋಡಿದರೆ ರಜೆ ಇನ್ನೂ ಹೆಚ್ಚಿಸಬೇಕು ಎಂದು ಒಬ್ಬರು, ಹೆಚ್ಚಿಸಿದರೆ ಹೆಣ್ಣುಮಕ್ಕಳಿಗೆ ಕೆಲಸವೇ ಸಿಗುವುದಿಲ್ಲ ಎಂದು ಇನ್ನೊಬ್ಬರು. ನಾನು ಒಂದು ಗೋದಾಮಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತೇನೆ, 24,000 ಸಂಬಳ, ಇಎಸ್‌ಐ ಇಲ್ಲ. ಜನವರಿಯಲ್ಲಿ ಅಮ್ಮನಿಗೆ ಲಕ್ವ ಹೊಡೆದು 20 ದಿನ ಆಸ್ಪತ್ರೆಯಲ್ಲೇ ಇದ್ದೆ. ಅಷ್ಟೂ ದಿನದ ಸಂಬಳ ಕಡಿದರು. ಹೆರಿಗೆಯಾದ ಮೇಲೆ ಮಗುವನ್ನು ಅಮ್ಮ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದೆವು, ಈಗ ಅಮ್ಮನನ್ನೇ ನೋಡಿಕೊಳ್ಳಬೇಕು. ಕಾನೂನು ಏನು ಹೇಳುತ್ತದೆ, ಏನು ಬದಲಾಗಬೇಕು?

ಉತ್ತರ: ಮೊದಲು ಹೆಂಡತಿಗೆ ಧೈರ್ಯ ಹೇಳಿ. ಹೆರಿಗೆ ರಜೆ ಕಡಿಮೆಯಾಗಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ 12 ವಾರ ಇದ್ದದ್ದು 26 ವಾರವಾಯಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು (ಲೇಬರ್ ಕೋಡ್‌ಗಳು) ಜಾರಿಗೆ ಬಂದಾಗ ಆ ಕಾಯ್ದೆಯೂ 1948ರ ಇಎಸ್‌ಐ ಕಾಯ್ದೆಯೂ ಸಾಮಾಜಿಕ ಭದ್ರತಾ ಸಂಹಿತೆ, 2020ರ ಒಳಗೆ ಸೇರಿದವು. 26 ವಾರ ಅಲ್ಲೂ ಹಾಗೆಯೇ ಇದೆ. ಬದುಕಿರುವ ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದವರಿಗೆ 12 ವಾರ, ಗರ್ಭಪಾತವಾದರೆ 6 ವಾರ, ಗರ್ಭಕ್ಕೆ ಸಂಬಂಧಿಸಿದ ಕಾಯಿಲೆಗೆ ಹೆಚ್ಚುವರಿಯಾಗಿ ಒಂದು ತಿಂಗಳು, ಇವೂ ಉಳಿದಿವೆ. ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಈ ಪರಿವರ್ತನೆಯ ಕಾಲದಲ್ಲಿ ಮುಂದುವರಿಯುತ್ತವೆ. 'ಹೊಸ ನಿಯಮ ಬರಲಿ, ಆಮೇಲೆ ನೋಡೋಣ' ಎಂದು ಎಚ್‌ಆರ್ ಹೇಳಿದರೆ ಒಪ್ಪಬೇಡಿ.

ಬದಲಾಗಿರುವುದು ವಾರಗಳ ಎಣಿಕೆ ಅಲ್ಲ, ಹಣ ಲೆಕ್ಕ ಹಾಕುವ ಬುಡ. ಚರ್ಚೆಗಳಲ್ಲಿ ಇದು ಬರುವುದೇ ಅಪರೂಪ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಹೆಂಡತಿ ಇಎಸ್‌ಐ ವಿಮೆ ಇರುವವರು. ಹೀಗಾಗಿ ಅವರಿಗೆ ಹೆರಿಗೆ ರಜೆಯ ಹಣ ಕೊಡುವುದು ಫ್ಯಾಕ್ಟರಿಯಲ್ಲ, ಇಎಸ್‌ಐ ನಿಗಮ. ಅರ್ಹತೆಗೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಸಂದಾಯವಾಗಿರಬೇಕು. ಇಎಸ್‌ಐ ವರ್ಷವನ್ನು ಎರಡು ಭಾಗ ಮಾಡುತ್ತದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಮೊದಲ ಅರ್ಧದಲ್ಲಿ ಕಟ್ಟಿದ ವಂತಿಗೆಯ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ, ಎರಡನೇ ಅರ್ಧದ ಫಲ ಜುಲೈನಿಂದ ಡಿಸೆಂಬರ್‌ವರೆಗೆ. ಆಗಸ್ಟ್‌ನಲ್ಲಿ ಹೆರಿಗೆ ಎಂದರೆ ಅವರ ಲೆಕ್ಕಕ್ಕೆ ಬರುವುದು ಈಚೆಗೆ ಮುಗಿದ ಅಕ್ಟೋಬರ್–ಮಾರ್ಚ್ ಮತ್ತು ಅದಕ್ಕೂ ಹಿಂದಿನ ಏಪ್ರಿಲ್–ಸೆಪ್ಟೆಂಬರ್. ಈ ಏಪ್ರಿಲ್‌ನಿಂದ ಕಟ್ಟುತ್ತಿರುವುದು ಈ ಹೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಕಳೆದ ವರ್ಷದ ಕೊನೆಯಲ್ಲಷ್ಟೇ ಕೆಲಸಕ್ಕೆ ಸೇರಿದ ಗೆಳತಿಯರಿದ್ದರೆ ಅವರಿಗೆ ಇದನ್ನು ಹೇಳಿ. ಮೊದಲ ಬಾರಿಗೆ ವಿಮೆಗೆ ಸೇರಿದವರ ಫಲದ ಅವಧಿ ಸೇರಿದ ದಿನದಿಂದ ಒಂಬತ್ತು ತಿಂಗಳ ನಂತರವೇ ಶುರುವಾಗುವುದು.

ಹಣ ಎಷ್ಟು? ವಂತಿಗೆ ಅವಧಿಯ ಒಟ್ಟು ಕೂಲಿಯನ್ನು ಕೂಲಿ ಪಡೆದ ದಿನಗಳಿಂದ ಭಾಗಿಸಿದರೆ ಬರುವುದು ಸರಾಸರಿ ದಿನಗೂಲಿ. ಹೆರಿಗೆಗೆ ಅದರ ಪೂರ್ತಿ ನೂರಕ್ಕೆ ನೂರು ಸಿಗುತ್ತದೆ, ಭಾನುವಾರವೂ ಸೇರಿ 182 ದಿನ. ಆರು ತಿಂಗಳಿಗೆ 99,000 ರೂಪಾಯಿ, 180 ದಿನ ಎಂದಿಟ್ಟುಕೊಂಡರೆ ದಿನಕ್ಕೆ 550. ಅಲ್ಲಿಗೆ 182 ದಿನಕ್ಕೆ 1,00,100 ರೂಪಾಯಿ.

ಈಗ ಅವರ ಪೇ ಸ್ಲಿಪ್ ತೆಗೆದು ಇಎಸ್‌ಐ ಕಡಿತದ ಅಂಕಿ ನೋಡಿ. ಕೆಲಸಗಾರರ ಪಾಲು ನೂರಕ್ಕೆ 0.75, ಮಾಲೀಕರ ಪಾಲು 3.25. 16,500ರ ಮೇಲೆ 0.75 ಎಂದರೆ 123 ರೂಪಾಯಿ 75 ಪೈಸೆ, ಮೇಲಕ್ಕೆ ಸರಿಸಿ 124. ಪೇ ಸ್ಲಿಪ್‌ನಲ್ಲಿ 124 ಇದ್ದರೆ ಪೂರ್ತಿ ಸಂಬಳ ತೋರಿಸಿದ್ದಾರೆ ಎಂದರ್ಥ. 75 ಇದ್ದರೆ? ಫ್ಯಾಕ್ಟರಿ 10,000 ಮಾತ್ರ ಕೂಲಿ ಎಂದು ತೋರಿಸಿ, ಉಳಿದದ್ದನ್ನು ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಎಂದು ಹಂಚಿದೆ. ಆಗ ಸಿಗುವುದು ಹೆಚ್ಚುಕಡಿಮೆ 60,600 ರೂಪಾಯಿ. ತಿಂಗಳಿಗೆ 49 ರೂಪಾಯಿ ಉಳಿಯಿತು ಎಂದು ಅನಿಸಿದ್ದು ಬಾಣಂತನದ ಹೊತ್ತಿಗೆ ಸುಮಾರು 40,000 ರೂಪಾಯಿ ನಷ್ಟವಾಗಿ ಬಂದಿರುತ್ತದೆ.

ಸಂಹಿತೆ ಇದಕ್ಕೆ ದಾರಿ ಮಾಡಿಕೊಟ್ಟಿದೆ ಎಂಬುದೇ ನನ್ನ ದೊಡ್ಡ ಆಕ್ಷೇಪ. ಹಳೆಯ ಹೆರಿಗೆ ಕಾಯ್ದೆಯಲ್ಲಿ ಕೂಲಿ ಎಂದರೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿದಂತೆ ನಗದಾಗಿ ಕೊಡುವ ಭತ್ಯೆಗಳೆಲ್ಲ ಸೇರುತ್ತಿದ್ದವು. ಹೊಸ ವ್ಯಾಖ್ಯೆಯಲ್ಲಿ ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓವರ್‌ಟೈಮ್, ಕಮಿಷನ್ ಹೊರಗೆ. ಹೀಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟನ್ನು ಮಾತ್ರ ಮತ್ತೆ ಕೂಲಿಗೆ ಸೇರಿಸಬೇಕು. ಭವಿಷ್ಯನಿಧಿ (ಪಿಎಫ್), ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಹಣ) ಹೆಚ್ಚಲಿ ಎಂದು ತಂದ ನಿಯಮ ಇದು. ಮೂಲ ವೇತನವನ್ನು ನೂರಕ್ಕೆ ಮೂವತ್ತಕ್ಕೆ ಇಳಿಸಿಟ್ಟಿದ್ದ ಕಂಪನಿಗಳಿಗೆ ಅಲ್ಲಿ ಮೂಗುದಾರ ಬಿತ್ತು ನಿಜ. ಆದರೆ ಹೆರಿಗೆ ಹಣದ ಮಟ್ಟಿಗೆ ಅಕ್ಷರಶಃ ಓದಿದರೆ ಇದು ಉಲ್ಟಾ. 10,000 ಮೂಲ ವೇತನ, 5,000 ಬಾಡಿಗೆ ಭತ್ಯೆ, 3,000 ಓಡಾಟದ ಭತ್ಯೆ ಇದ್ದವರಿಗೆ ಹಿಂದೆ 18,000ದ ಮೇಲೆ ಲೆಕ್ಕ, ಈಗ 10,000ದ ಮೇಲೆ. ವಾರ ಅಷ್ಟೇ, ಕಾಸು ಕಡಿಮೆ. ಯೂನಿಯನ್‌ಗಳು ಮತ್ತು ಮಹಿಳಾ ಸಂಘಟನೆಗಳು ಮೊದಲು ಕೇಳಬೇಕಾದ ತಿದ್ದುಪಡಿ ಇದು: ಹೆರಿಗೆ ಸೌಲಭ್ಯದ ಮಟ್ಟಿಗಾದರೂ ಎಲ್ಲ ನಗದು ಭತ್ಯೆಗಳನ್ನೂ ಕೂಲಿ ಎಂದು ಎಣಿಸಬೇಕು.

ಇನ್ನು ತಾರೀಖು. ನಿರೀಕ್ಷಿತ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ರಜೆ ತೆಗೆದುಕೊಳ್ಳಬಹುದು. ಆಗಸ್ಟ್ 20ರ ಲೆಕ್ಕದಲ್ಲಿ ಜೂನ್ 25ರಿಂದ ಹೊರಟರೆ ಡಿಸೆಂಬರ್ 23ಕ್ಕೆ ಮುಗಿಯುತ್ತದೆ. ಆಗಸ್ಟ್ 6ರಿಂದ ತೆಗೆದುಕೊಂಡರೆ ಫೆಬ್ರವರಿ 3ರವರೆಗೆ ಬರುತ್ತದೆ. ಮಗು ಜೊತೆ ಹೆಚ್ಚು ದಿನ ಇರಲಿ ಎಂದು ಬಹಳ ಮಂದಿ ಕೊನೆಯ ವಾರದವರೆಗೂ ಮಿಷನ್ ಮುಂದೆ ಕೂರುತ್ತಾರೆ. ಅದನ್ನು ಡಾಕ್ಟರ್ ಹತ್ತಿರ ಕೇಳಿಯೇ ತೀರ್ಮಾನಿಸಿ. ಕಾಲು ಊದಿಕೊಂಡು ಬಿಪಿ ಏರಿದ ಮೇಲೆ ಎರಡು ವಾರ ಉಳಿಸಿ ಪ್ರಯೋಜನವಿಲ್ಲ. ಹೆರಿಗೆಯಾದ ಮೇಲಿನ 6 ವಾರವಂತೂ ಮಾಲೀಕ ಕೆಲಸ ಕೊಡುವ ಹಾಗೇ ಇಲ್ಲ.

ಕಾಗದಪತ್ರ ಹೀಗೆ. ಅವರ ಇಎಸ್‌ಐ ವಿಮಾ ಸಂಖ್ಯೆ ಒಂದೇ ಇದೆಯೇ ನೋಡಿ. ಫ್ಯಾಕ್ಟರಿ ಬದಲಿಸಿದಾಗ ಹೊಸ ಸಂಖ್ಯೆ ಮಾಡಿಸಿಬಿಟ್ಟರೆ ವಂತಿಗೆಯ ದಿನಗಳು ಎರಡು ಕಡೆ ಹಂಚಿಹೋಗಿ 70 ತುಂಬುವುದಿಲ್ಲ. ಹಾಗಿದ್ದರೆ ಎರಡನ್ನೂ ಒಂದಾಗಿಸಲು ಶಾಖಾ ಕಚೇರಿಗೆ ಈಗಲೇ ಅರ್ಜಿ ಕೊಡಿ, ಹೆರಿಗೆ ಹೊತ್ತಿಗೆ ಆಗುವ ಕೆಲಸ ಅಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ದಾಖಲೆ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಮದುವೆಯ ನಂತರ ಒಂದು ಕಡೆ ಗಂಡನ ಹೆಸರು, ಇನ್ನೊಂದು ಕಡೆ ತಂದೆಯ ಹೆಸರು ಇದ್ದು ಹಣ ತಡೆಯಾಗುವುದೇ ಹೆಚ್ಚು. ಇಎಸ್‌ಐ ಡಿಸ್ಪೆನ್ಸರಿಯಲ್ಲೋ ಪೀಣ್ಯದ ಇಎಸ್‌ಐ ಆಸ್ಪತ್ರೆಯಲ್ಲೋ ಹೆಸರು ನೋಂದಾಯಿಸಿ, ನಿರೀಕ್ಷಿತ ಹೆರಿಗೆ ದಿನಾಂಕದ ಪ್ರಮಾಣಪತ್ರ ಪಡೆಯಿರಿ. ಹಣದ ಕ್ಲೇಮು ಫಾರಂ 19ರಲ್ಲಿ, ಅಥವಾ ಇಎಸ್‌ಐ ಪೋರ್ಟಲ್‌ನಲ್ಲೇ. ಹೆರಿಗೆ ಖಾಸಗಿ ಆಸ್ಪತ್ರೆಯಲ್ಲಾದರೂ ರಜೆಯ ಹಣದ ಹಕ್ಕು ತಪ್ಪುವುದಿಲ್ಲ. ಆದರೆ ಅಲ್ಲಿನ ದಾಖಲೆಯನ್ನು ಇಎಸ್‌ಐ ವೈದ್ಯರು ಒಪ್ಪಿ ಪ್ರಮಾಣೀಕರಿಸಬೇಕು. ಡಿಸ್ಚಾರ್ಜ್ ಸಮ್ಮರಿ, ಜನನ ಪ್ರಮಾಣಪತ್ರ ಜೋಪಾನ.

ಫ್ಯಾಕ್ಟರಿಗೂ ಬರವಣಿಗೆಯಲ್ಲಿ ನೋಟಿಸ್ ಕೊಡಿ: ಯಾವ ದಿನದಿಂದ ಬರುವುದಿಲ್ಲ, ಆ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲ, ಇಷ್ಟೇ ಸಾಕು. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಹಾಕದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. 'ಈಗ ರಾಜೀನಾಮೆ ಕೊಟ್ಟು ಹೋಗಮ್ಮ, ಮಗು ದೊಡ್ಡದಾದ ಮೇಲೆ ಮತ್ತೆ ಸೇರಿಸಿಕೊಳ್ತೀವಿ' ಎಂಬ ಮಾತಿಗೆ ಮಾತ್ರ ಬಲಿಯಾಗಬೇಡಿ. ಹಾಗೆ ಸಹಿ ಹಾಕಿದರೆ ಸೇವೆಯ ನಿರಂತರತೆ ತುಂಡಾಗುತ್ತದೆ, ಗ್ರಾಚ್ಯುಟಿಯ ವರ್ಷಗಳು ಮೊದಲಿನಿಂದ ಶುರು. ಹೆರಿಗೆ ರಜೆಯ 26 ವಾರ ಗ್ರಾಚ್ಯುಟಿಯ ನಿರಂತರ ಸೇವೆಯಲ್ಲಿ ಸೇರುತ್ತದೆ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ತೊಂದರೆಯಾದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಿ. ಸಂಹಿತೆಯ ಪ್ರಕಾರ ಮೊಕದ್ದಮೆ ಹೂಡುವ ಮುನ್ನ ಮಾಲೀಕರಿಗೆ ಸರಿಪಡಿಸಿಕೊಳ್ಳಲು 30 ದಿನ ಕೊಡಬೇಕು. ಬಾಯಿಮಾತಿನ ದೂರಿಗೆ ಆ 30 ದಿನದ ಗಡುವು ಹುಟ್ಟುವುದೇ ಇಲ್ಲ.

ಈಗ ನಿಮ್ಮ ವಿಷಯ. ತಾಯಿಗೋ ತಂದೆಗೋ ಗಂಡ-ಹೆಂಡತಿಗೋ ಕಾಯಿಲೆಯಾದಾಗ ಜೊತೆಗಿರಲು ನಮ್ಮ ದೇಶದ ಖಾಸಗಿ ವಲಯದಲ್ಲಿ ಪ್ರತ್ಯೇಕ ರಜೆಯ ಕಾನೂನು ಇಲ್ಲ. ಹಾಗೆಂದು ನಿಮ್ಮ 20 ದಿನದ ಸಂಬಳ ಹೋಗಲೇಬೇಕಿತ್ತು ಎಂದೇನಿಲ್ಲ. ಗೋದಾಮು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಅಡಿ ನೋಂದಣಿಯಾಗಿದ್ದರೆ ಅದರ 15ನೇ ಸೆಕ್ಷನ್ ಓದಿ. ಇದು ರಾಜ್ಯದ ಕಾಯ್ದೆ, ಕೇಂದ್ರದ ಸಂಹಿತೆಗಳಿಂದ ರದ್ದಾಗಿಲ್ಲ. ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆಯನ್ನು ಅದು ಕೊಡುತ್ತದೆ. ಕಂಪನಿಗಳು ಇದನ್ನು 'ಸಿಕ್ ಲೀವ್' ಎಂದು ಕರೆದು, ನಿಮಗೇ ಜ್ವರ ಬಂದರೆ ಮಾತ್ರ ಎನ್ನುತ್ತವೆ. ಕಾಯ್ದೆ ಹೇಳುವುದು ಕಾಯಿಲೆ, ಅಪಘಾತ, ಅಥವಾ ಬೇರೆ ಯಾವುದೇ ನ್ಯಾಯವಾದ ಕಾರಣ ಎಂದು. ತಾಯಿ ಲಕ್ವ ಹೊಡೆದು ಆಸ್ಪತ್ರೆಯಲ್ಲಿ ಮಲಗಿರುವುದಕ್ಕಿಂತ ನ್ಯಾಯವಾದ ಕಾರಣ ಇನ್ಯಾವುದಿದೆ? ಇದಲ್ಲದೆ 20 ದಿನ ಕೆಲಸಕ್ಕೆ ಒಂದು ದಿನದಂತೆ ಗಳಿಕೆ ರಜೆ. ವರ್ಷಕ್ಕೆ 280 ದಿನ ದುಡಿದಿದ್ದರೆ 14 ದಿನ. ಎರಡೂ ಸೇರಿ 26. ನಿಮ್ಮ ರಜೆ ಖಾತೆಯಲ್ಲಿ ಬಾಕಿ ಇತ್ತೇ ಎಂದು ಲಿಖಿತವಾಗಿ ಕೇಳಿ, ಇದ್ದಿದ್ದರೆ ಆ 20 ದಿನವನ್ನು ರಜೆಗೆ ಹೊಂದಿಸಿ ಸಂಬಳ ವಾಪಸ್ ಕೊಡಿ ಎಂದು ಅರ್ಜಿ ಹಾಕಿ, ಅಮ್ಮನ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ. ಜನವರಿಯ ವಿಷಯವಾದ್ದರಿಂದ ತಡ ಮಾಡಬೇಡಿ.

ಇನ್ನೊಂದು ಬಾಗಿಲು ಇದೆ. 24,000 ಸಂಬಳ, ಇಎಸ್‌ಐ ಇಲ್ಲ ಎಂದಿದ್ದೀರಿ. 2017ರ ಜನವರಿಯಿಂದ ಇಎಸ್‌ಐ ಮಿತಿ 21,000. ಹಳೆಯ ಲೆಕ್ಕದಲ್ಲಿ ನೀವು ಹೊರಗೆ. ಆದರೆ ನಿಮ್ಮ 24,000ದಲ್ಲಿ ಬಾಡಿಗೆ ಭತ್ಯೆ 6,000, ಓಡಾಟದ ಭತ್ಯೆ 3,000 ಇದ್ದರೆ ಹೊಸ ವ್ಯಾಖ್ಯೆಯ ಪ್ರಕಾರ ನಿಮ್ಮ ಕೂಲಿ 15,000. ಅಂದರೆ ನೀವು ಮಿತಿಯೊಳಗೆ ಬರುತ್ತೀರಿ. ಹೆರಿಗೆ ಹಣವನ್ನು ಇಳಿಸುವ ವ್ಯಾಖ್ಯೆಯೇ ನಿಮ್ಮಂಥವರನ್ನು ವಿಮೆಯೊಳಗೆ ತರುತ್ತದೆ! ಎಚ್‌ಆರ್‌ಗೆ ಈ ಪ್ರಶ್ನೆ ಹಾಕಿ. ಒಳಗೆ ಬಂದರೆ, ಒಂದು ವಂತಿಗೆ ಅವಧಿಯಲ್ಲಿ 78 ದಿನ ತುಂಬಿದ ಮೇಲೆ ನಿಮ್ಮದೇ ಕಾಯಿಲೆಗೆ ದಿನಗೂಲಿಯ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನ ಸಿಗುತ್ತದೆ. ಮೊದಲ ಎರಡು ದಿನ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಕ್ಷಯ, ಕ್ಯಾನ್ಸರ್‌ನಂಥ 34 ದೀರ್ಘ ಕಾಯಿಲೆಗಳಿಗೆ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ವಿಸ್ತರಿಸುತ್ತಾರೆ, ಅದಕ್ಕೆ ಮೊದಲು ಎರಡು ವರ್ಷ ವಿಮೆಯಲ್ಲಿ ಇದ್ದಿರಬೇಕು.

ಅಮ್ಮನ ಚಿಕಿತ್ಸೆಗೂ ಇದೇ ದಾರಿ. ತಿಂಗಳಿಗೆ 9,000 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ಅವಲಂಬಿತ ತಂದೆ-ತಾಯಿಗೆ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ. ಸಂಹಿತೆ ಇಲ್ಲೊಂದು ಒಳ್ಳೆಯ ಕೆಲಸ ಮಾಡಿದೆ: ಕೆಲಸ ಮಾಡುವ ಹೆಣ್ಣುಮಗಳ ಅವಲಂಬಿತ ಅತ್ತೆ-ಮಾವನನ್ನೂ ಕುಟುಂಬದ ವ್ಯಾಖ್ಯೆಗೆ ಸೇರಿಸಿದೆ. ಹಾಗಾಗಿ ನಿಮ್ಮ ವಿಮೆಗೆ ಕಾಯದೆ ಹೆಂಡತಿಯ ಇಎಸ್‌ಐ ಖಾತೆಗೆ ಅಮ್ಮನ ಹೆಸರು ಸೇರಿಸಲು ಶಾಖಾ ಕಚೇರಿಯಲ್ಲಿ ಅರ್ಜಿ ಕೊಡಿ. ಲಕ್ವದ ನಂತರ ತಿಂಗಳುಗಟ್ಟಲೆ ಬೇಕಾಗುವ ಫಿಸಿಯೋಥೆರಪಿಯ ಖರ್ಚು ಅದರಿಂದ ತಗ್ಗೀತು.

ಆದರೆ ಚಿಕಿತ್ಸೆ ಸಿಕ್ಕರೂ ಹಾಸಿಗೆ ಪಕ್ಕದಲ್ಲಿ ಕೂರುವವರು ಯಾರು? ನಿಮ್ಮ ಪತ್ರದಲ್ಲಿ ಬೇರೆ ಬೇರೆ ಎಂಬಂತೆ ಬಂದಿರುವ ಎರಡು ಪ್ರಶ್ನೆ ನಿಜಕ್ಕೂ ಒಂದೇ. ಮಗುವಿಗೆ ಅಜ್ಜಿ ಇದ್ದಾಳೆ, ಅಜ್ಜಿಗೆ ಕಾಯಿಲೆಯಾದರೆ ಸೊಸೆಯೋ ಮಗಳೋ ಇದ್ದಾಳೆ ಎಂದು ನಂಬಿಕೊಂಡೇ ನಮ್ಮ ರಜೆ ಕಾನೂನು ಬರೆದಿದ್ದಾರೆ. ಬಾಣಂತನಕ್ಕೆ ತವರಿದೆ, ಆಮೇಲೆ ಮಗುವನ್ನು ಊರಲ್ಲಿ ಬಿಟ್ಟು ಬರಬಹುದು ಎಂಬ ಲೆಕ್ಕ. ಆ ಸಂಬಳವಿಲ್ಲದ ದುಡಿಮೆಯ ಕೊಂಡಿ ನಿಮ್ಮ ಮನೆಯಲ್ಲಿ ಕಳಚಿದ ಕೂಡಲೇ ಕಾನೂನಿನ ಕೊರತೆ ಕಣ್ಣಿಗೆ ಬಿತ್ತು.

ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಕಾನೂನನ್ನು ಆಗಾಗ ಇಲ್ಲಿಗೆ ಹೋಲಿಸುತ್ತಾರೆ, ಹೋಲಿಕೆ ಉಪಯುಕ್ತವೇ. 1993ರ ಅಲ್ಲಿನ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ ವರ್ಷಕ್ಕೆ 12 ವಾರ ಕೊಡುತ್ತದೆ. ಹುಟ್ಟಿದ ಅಥವಾ ದತ್ತು ಬಂದ ಮಗುವಿಗೂ ತನ್ನ ಗಂಭೀರ ಕಾಯಿಲೆಗೂ ಸಂಗಾತಿ, ಮಕ್ಕಳು, ತಂದೆ-ತಾಯಿಯ ಗಂಭೀರ ಕಾಯಿಲೆಗೂ, ಗಂಡಸರಿಗೂ ಹೆಂಗಸರಿಗೂ. ವಾಪಸ್ ಬಂದಾಗ ಕೆಲಸ ಇರಬೇಕು. ಸಂಬಳ ಮಾತ್ರ ಇಲ್ಲ. ಜೊತೆಗೆ 50 ಮಂದಿಗಿಂತ ಕಡಿಮೆ ಇರುವ ಖಾಸಗಿ ಕಂಪನಿಗೆ ಅದು ಅನ್ವಯಿಸುವುದಿಲ್ಲ, 12 ತಿಂಗಳ ಸೇವೆ ಮತ್ತು 1,250 ಗಂಟೆಯ ದುಡಿಮೆ ಆಗಿರಬೇಕು. ಸಂಬಳವಿಲ್ಲದೆ ಯಾರು ಮನೆಯಲ್ಲಿ ಕೂರಲಾದೀತು ಎಂಬುದೇ ಅಲ್ಲಿನ ಮೂವತ್ತು ವರ್ಷದ ಜಗಳ. ಕ್ಯಾಲಿಫೋರ್ನಿಯಾ 2002ರಲ್ಲಿ ಕಾನೂನು ಮಾಡಿ 2004ರಿಂದ ಕೆಲಸಗಾರರ ಸಂಬಳದಿಂದ ಹಿಡಿಯುವ ಸಣ್ಣ ವಂತಿಗೆಯ ನಿಧಿಯಿಂದ ಭಾಗಶಃ ಸಂಬಳ ಕೊಡಲು ಶುರುಮಾಡಿತು. ನಂತರ ಇನ್ನೂ ಕೆಲವು ರಾಜ್ಯಗಳು ಆ ದಾರಿ ಹಿಡಿದವು.

ನಮ್ಮಲ್ಲಿ ಸಂಬಳ ಇದೆ, ಕುಟುಂಬ ಇಲ್ಲ. ಆ ಸಂಬಳವನ್ನೂ ಯಾರ ಜೇಬಿನಿಂದ ತೆಗೆಯುತ್ತೇವೆ ಎಂಬಲ್ಲೇ ತಕರಾರು. ಟಿವಿ ಚರ್ಚೆಯಲ್ಲಿ 'ಹೆಚ್ಚು ರಜೆ ಕೊಟ್ಟರೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ' ಎಂದವರ ಮಾತು ಪೂರ್ತಿ ಸುಳ್ಳಲ್ಲ. ಇಎಸ್‌ಐ ಮಿತಿಗಿಂತ ಹೆಚ್ಚು ಸಂಬಳದ ಹೆಣ್ಣುಮಗಳಿಗೆ 26 ವಾರದ ಹಣವನ್ನು ಮಾಲೀಕನೇ ಕೊಡಬೇಕು. ಹನ್ನೆರಡು ಜನರ ಒಂದು ವರ್ಕ್‌ಶಾಪ್ ತೆಗೆದುಕೊಳ್ಳಿ. ಲೆಕ್ಕ ಬರೆಯುವಾಕೆಗೆ 24,000 ಸಂಬಳ, ಅದರಲ್ಲಿ ಭತ್ಯೆ ಏನೂ ಇಲ್ಲ. ಆರು ತಿಂಗಳಿಗೆ 1,44,000, ಅವಳ ಜಾಗಕ್ಕೆ ಬಂದವರಿಗೆ ಮತ್ತೆ ಅಷ್ಟೇ. ದೊಡ್ಡ ಕಂಪನಿಗೆ ಇದು ಗೊತ್ತೇ ಆಗುವುದಿಲ್ಲ, ವರ್ಕ್‌ಶಾಪಿಗೆ ಒಂದು ಮಿಷನ್‌ನ ಸಾಲದ ಕಂತಿನಷ್ಟು ಭಾರ. ಆತ ಮುಂದಿನ ಸಲ ಗಂಡಸನ್ನೇ ಹುಡುಕಿದರೆ ಅದು ತಪ್ಪು, ಆದರೆ ಆ ತಪ್ಪಿಗೆ ಕಾನೂನೇ ಬೆಲೆಚೀಟಿ ಅಂಟಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ 183ನೇ ಒಡಂಬಡಿಕೆ ಇದಕ್ಕಾಗಿಯೇ ಹೆರಿಗೆ ಹಣ ಸಾಮಾಜಿಕ ವಿಮೆಯಿಂದ ಅಥವಾ ಸರ್ಕಾರಿ ನಿಧಿಯಿಂದ ಬರಬೇಕು, ಒಬ್ಬೊಬ್ಬ ಮಾಲೀಕನ ತಲೆಗೆ ನೇರವಾಗಿ ಕಟ್ಟಬಾರದು ಎನ್ನುತ್ತದೆ. ಅದು ಕೇಳುವುದು ಕನಿಷ್ಠ 14 ವಾರ. ವಾರಗಳಲ್ಲಿ ನಾವು ಅದನ್ನು ಬಹಳ ಹಿಂದಿಕ್ಕಿದ್ದೇವೆ, ಯಾರು ಕೊಡಬೇಕು ಎಂಬುದರಲ್ಲಿ ಹಿಂದೆ ಬಿದ್ದಿದ್ದೇವೆ. ಭಾರತ ಆ ಒಡಂಬಡಿಕೆಯನ್ನು ಅನುಮೋದಿಸಿಲ್ಲ. 2018ರ ನವೆಂಬರ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ, 15,000ದವರೆಗಿನ ಸಂಬಳದವರಿಗೆ ಏಳು ವಾರದ ಹಣವನ್ನು ಮಾಲೀಕರಿಗೆ ಮರುಪಾವತಿಸುವ ಪ್ರಸ್ತಾವ ಮುಂದಿಟ್ಟಿತ್ತು. ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: 26ನ್ನು 30 ಮಾಡಿ ಎಂದು ಕೇಳುವುದಕ್ಕಿಂತ, ಹಣ ಬರುವ ಜಾಗ ಬದಲಿಸಿ ಎಂದು ಕೇಳಬೇಕು. ಅದಕ್ಕೆ ಹೊಸ ಇಲಾಖೆ ಕಟ್ಟಬೇಕಿಲ್ಲ, ಇಎಸ್‌ಐ 1952ರಿಂದ ನಡೆಯುತ್ತಿದೆ. ಮೊದಲ ಹೆಜ್ಜೆ 21,000ದ ಮಿತಿ ಏರಿಸುವುದು. ಆಗ ಹೆರಿಗೆ ಹಣ ಒಬ್ಬ ಮಾಲೀಕನ ಖರ್ಚಾಗದೆ, ಗಂಡಸರನ್ನೇ ಇಟ್ಟುಕೊಂಡವನೂ ಸೇರಿ ಎಲ್ಲ ಮಾಲೀಕರು ತುಂಬುವ ನಿಧಿಯಿಂದ ಬರುತ್ತದೆ. ಎರಡನೆಯದು, ಅದೇ ನಿಧಿಯಲ್ಲಿ ಕುಟುಂಬ ಆರೈಕೆ ಸೌಲಭ್ಯ: ತಂದೆ-ತಾಯಿ, ಸಂಗಾತಿ, ಮಗು ಆಸ್ಪತ್ರೆಗೆ ಸೇರಿದರೆ ವರ್ಷಕ್ಕೆ ಇಂತಿಷ್ಟು ದಿನ, ಕಾಯಿಲೆ ಸೌಲಭ್ಯದಂತೆಯೇ ನೂರಕ್ಕೆ 70. ಪ್ರಮಾಣಪತ್ರ ಕೊಡಲು ವೈದ್ಯರಿದ್ದಾರೆ, ಹಣ ಹಾಕಲು ಬ್ಯಾಂಕ್ ಖಾತೆ ಇದೆ, ದುರುಪಯೋಗ ತಡೆಯುವ ವಿಧಾನವೂ ಆಗಲೇ ಇದೆ. ಸೇವೆ ಚೆನ್ನಾಗಿಲ್ಲ, ಡಿಸ್ಪೆನ್ಸರಿಯಲ್ಲಿ ಔಷಧಿ ಇರುವುದಿಲ್ಲ ಎಂಬ ದೂರು ನಿಜವೇ. ಹೆಚ್ಚು ಸಂಬಳದವರೂ ಅದೇ ಸಾಲಿನಲ್ಲಿ ನಿಲ್ಲುವಂತಾದರೆ ಆ ದೂರಿಗೆ ಕಿವಿಗಳೂ ಹೆಚ್ಚುತ್ತವೆ.

ಅಪ್ಪಂದಿರ ರಜೆಯನ್ನು ಈ ಲೆಕ್ಕದಿಂದ ಹೊರಗಿಡಲಾಗದು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ಖಾಸಗಿಯವರಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ, ಆಗಸ್ಟ್‌ನಲ್ಲಿ ನೀವು ಗಳಿಕೆ ರಜೆಯನ್ನೇ ನೆಚ್ಚಿಕೊಳ್ಳಬೇಕು. ರಜೆ ಹೆಂಗಸಿಗೆ ಮಾತ್ರ ಇರುವವರೆಗೆ ಸಂದರ್ಶನದಲ್ಲಿ 'ಮದುವೆ ಆಗಿದೆಯಾ, ಮಕ್ಕಳ ಪ್ಲಾನ್ ಏನು' ಎಂಬ ಪ್ರಶ್ನೆಯೂ ಹೆಂಗಸಿಗೆ ಮಾತ್ರ ಬರುತ್ತದೆ.

ದತ್ತು ತಾಯಂದಿರ ವಿಷಯದಲ್ಲಂತೂ ಕಾನೂನು ತನ್ನನ್ನು ತಾನೇ ಸೋಲಿಸಿಕೊಂಡಿತ್ತು. 12 ವಾರ ರಜೆ ಸಿಗಬೇಕಾದರೆ ಮಗು ಮೂರು ತಿಂಗಳೊಳಗಿನದಾಗಿರಬೇಕು ಎಂದು ಬರೆದರು. ಬಿಟ್ಟುಹೋದ ಮಗುವನ್ನು ದತ್ತುಮುಕ್ತ ಎಂದು ಘೋಷಿಸಲಿಕ್ಕೇ ಬಾಲನ್ಯಾಯ ಕಾಯ್ದೆಯಲ್ಲಿ ಎರಡು ತಿಂಗಳ ಕಾಲಾವಕಾಶ ಇದೆ, ಉಳಿದ ವಿಧಿಗಳು ಅದರ ಮೇಲೆ. ಹೀಗಾಗಿ ರಜೆ ಕಾಗದದಲ್ಲೇ ಉಳಿಯಿತು, ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಕರ್ನಾಟಕದ ಮುಟ್ಟಿನ ರಜೆಯ ಬಗ್ಗೆಯೂ ನಿಮ್ಮ ಹೆಂಡತಿ ಕೇಳಿರುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿ, ನವೆಂಬರ್‌ನಲ್ಲಿ ಆದೇಶವಾಯಿತು: 18ರಿಂದ 52 ವರ್ಷದ ಮಹಿಳೆಯರಿಗೆ ತಿಂಗಳಿಗೆ ಒಂದು, ವರ್ಷಕ್ಕೆ 12 ದಿನ, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ. ಇಡೀ ದಿನ ಮಿಷನ್ ಮುಂದೆ ಕೂರುವ, ಶೌಚಾಲಯಕ್ಕೆ ಹೋಗಲೂ ಸೂಪರ್‌ವೈಸರ್ ಮುಖ ನೋಡಬೇಕಾದ ಟೈಲರ್‌ಗೆ ಆ ಒಂದು ದಿನದ ಬೆಲೆ ಏನೆಂದು ಚರ್ಚೆಯಲ್ಲಿ ಕೂತವರಿಗಿಂತ ಆಕೆಗೇ ಚೆನ್ನಾಗಿ ಗೊತ್ತು. ಬೆಂಗಳೂರಿನ ಹೋಟೆಲುಗಳ ಸಂಘ ಹೈಕೋರ್ಟಿಗೆ ಹೋದಾಗ ಎತ್ತಿದ ಮುಖ್ಯ ಆಕ್ಷೇಪ, ಶಾಸನದಲ್ಲಿ ಇಲ್ಲದ್ದನ್ನು ಬರೀ ಸರ್ಕಾರಿ ಆದೇಶದಿಂದ ಹೇರಬಹುದೇ ಎಂಬುದು. ಡಿಸೆಂಬರ್ 9ರಂದು ತಡೆಯಾಜ್ಞೆ ಬಂದು ಅಂದೇ ಹಿಂದಕ್ಕೂ ಹೋಯಿತು. ರಜೆ ಬೇಕೇ ಬೇಡವೇ ಎಂಬುದು ಒಂದು ಪ್ರಶ್ನೆ, ಅದಕ್ಕೆ ಗಟ್ಟಿ ಕಾನೂನಿನ ಅಡಿಪಾಯ ಬೇಕೆಂಬುದು ಇನ್ನೊಂದು. ಎರಡನೆಯದರಲ್ಲಿ ಎಡವಿದರೆ ಮೊದಲನೆಯದರಲ್ಲಿ ಗೆದ್ದೂ ಸೋಲುತ್ತೇವೆ. ಇಲ್ಲೂ ಆ 12 ದಿನದ ಖರ್ಚು ಪೂರ್ತಿ ಮಾಲೀಕನದೇ ಎಂಬುದನ್ನು ಗಮನಿಸಿ.

ಹೆಂಡತಿ ವಾಪಸ್ ಕೆಲಸಕ್ಕೆ ಹೋಗುವ ದಿನದ ಬಗ್ಗೆ ಒಂದು ಮಾತು, ಅಜ್ಜಿಯ ಆಸರೆ ಇಲ್ಲದ ನಿಮಗೆ ಇದು ಮುಖ್ಯ. 50 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವು ಬೇರೆ. ಎಷ್ಟೋ ಫ್ಯಾಕ್ಟರಿಗಳಲ್ಲಿ ಬೋರ್ಡು ಇರುತ್ತದೆ, ತೊಟ್ಟಿಲೂ ಇರುತ್ತದೆ, ಆಯಾ ಇರುವುದಿಲ್ಲ. ಇಲ್ಲವೇ ತುಂಬಿದ ಬಸ್ಸಿನಲ್ಲಿ ಆರು ತಿಂಗಳ ಕೂಸನ್ನು ತರುವುದು ಸಾಧ್ಯವಾಗದೆ ಕೋಣೆ ಖಾಲಿ ಬಿದ್ದಿರುತ್ತದೆ, ಆಮೇಲೆ 'ಯಾರೂ ಮಗು ತರುವುದಿಲ್ಲ' ಎಂದು ಅದಕ್ಕೆ ಬಟ್ಟೆಯ ಬಂಡಲ್ ತುಂಬುತ್ತಾರೆ. ಜೂನ್‌ನಲ್ಲಿ ರಜೆಯ ನೋಟಿಸ್ ಕೊಡುವಾಗಲೇ ಅದೇ ಹಾಳೆಯಲ್ಲಿ 'ವಾಪಸ್ ಬಂದಾಗ ಮಗುವಿಗೆ ಶಿಶುಪಾಲನಾ ಕೇಂದ್ರದಲ್ಲಿ ಜಾಗ ಬೇಕು' ಎಂದು ಬರೆಯಲಿ. ಅದೇ ಲೈನಿನಲ್ಲಿ ಬಸುರಿಯರು ಇನ್ನಿಬ್ಬರಿದ್ದರೆ ಅವರಿಂದಲೂ ಬರೆಸಿ. ಆರು ತಿಂಗಳ ಮುಂಚೆಯೇ ಮೂರು ಅರ್ಜಿಗಳು ಸೀಲು ಬಿದ್ದು ಕೂತಿದ್ದರೆ, ಡಿಸೆಂಬರ್‌ನಲ್ಲಿ 'ಆಯಾ ಸಿಗಲಿಲ್ಲ' ಎನ್ನಲು ಫ್ಯಾಕ್ಟರಿಗೆ ನೆಪ ಉಳಿಯುವುದಿಲ್ಲ.